ಒಬ್ಬರೇ ನಡೆದ ದಾರಿ

ಪ್ರವಾಸಕಥನಗಳಲ್ಲೆಲ್ಲ, ಒಬ್ಬಂಟಿಯಾಗಿ ಬಹುದೂರ ನಡೆದವರ ಕಥನಗಳಿಗೆ ಒಂದು ವಿಶೇಷ ಆಕರ್ಷಣೆಯಿದೆ. ಇದರ ಕಾರಣವನ್ನು ನಾನು ಅನೇಕ ಪುಸ್ತಕಗಳಲ್ಲಿ ಹುಡುಕಿದೆ. ಅದು ದೊರೆತದ್ದು ಮಾತ್ರ ನಮ್ಮ ಮನೆಯ ಪಡಸಾಲೆಯಲ್ಲಿ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಸೀಮೆಯಲ್ಲಿ ಯುಗಾದಿಗೆ ಮುಂಚೆ ಕೇಳಿಬರುವ ಮಾತೊಂದುಂಟು: ‘ಮಲ್ಲಯ್ಯಗ ಹೊಂಟೀರೇನ್ರಿ?’ ಶ್ರೀಶೈಲ ಇಲ್ಲಿಗೆ ನಾನೂರು ಕಿಲೋಮೀಟರಿಗಿಂತಲೂ ದೂರ. ಹೆಗಲ ಮೇಲೆ ಕಂಬಿ ಹೊತ್ತು, ದಾರಿಯ ಊರುಗಳವರು ನೀಡಿದ ಪ್ರಸಾದವನ್ನುಂಡು, ಆತ್ಮಕೂರನ್ನು ದಾಟಿ ನಲ್ಲಮಲದ ಅಡವಿಯನ್ನು ಹೊಕ್ಕು ಜನ ನಡೆಯುತ್ತಾರೆ. ಆದರೆ ಹೋಗುವುದು ತಂಡವಾಗಿ. ಒಬ್ಬರೇ ಹೋಗುವ ರೂಢಿ ನಮ್ಮಲ್ಲಿಲ್ಲ.

ನಮ್ಮ ಆಯಿಗೆ ಆ ಯಾತ್ರೆ ಕೊನೆಗೂ ಕೂಡಿಬರಲಿಲ್ಲ. ಮೊದಲು ಮಕ್ಕಳು ಸಣ್ಣವರು. ಆಮೇಲೆ ಮೊಣಕಾಲು ನಡೆಗೊಡಲಿಲ್ಲ. ಅಕ್ಕಮಹಾದೇವಿಯ ಕಥೆಯನ್ನು ನನ್ನಿಂದ ಓದಿಸಿ ಕೇಳುತ್ತಿದ್ದಳು. ಒಂದು ಸಂಜೆ ನಡುವೆ ತಡೆದು ಕೇಳಿದಳು: ‘ಆಕಿ ಜೋಡಿ ಯಾರೂ ಇದ್ದಿಲ್ಲೇನೋ?’ ಇಲ್ಲವೆಂದೆ. ‘ಹಂಗಾರ ಸಾವಕಾಶ ಓದೋ ತಮ್ಮಾ, ಆಕಿ ಹಿಂದ ನಾ ಅದೀನಿ’ ಎಂದಳು.

ಆ ನಡಿಗೆ ನಮ್ಮ ಸಾಹಿತ್ಯದಲ್ಲಿ ಎರಡು ಬಗೆಯಾಗಿ ಬಂದಿದೆ. ಅಕ್ಕ 12ನೆಯ ಶತಮಾನದವಳು. ಅವಳಿಗೆ ಸಮೀಪಕಾಲೀನನಾದ ಹರಿಹರ ತನ್ನ ರಗಳೆಯಲ್ಲಿ ಅವಳನ್ನು ಉಡುತಡಿಯಿಂದ ನೇರವಾಗಿ ಶ್ರೀಶೈಲಕ್ಕೆ ಕಳುಹಿಸುತ್ತಾನೆ. ಕಲ್ಯಾಣದ ಪ್ರಸ್ತಾಪವೇ ಇಲ್ಲ. 15ನೆಯ ಶತಮಾನದಲ್ಲಿ ರೂಪುಗೊಂಡ ಶೂನ್ಯಸಂಪಾದನೆಯಲ್ಲಿ ಅವಳು ಕಲ್ಯಾಣಕ್ಕೆ ಬಂದು, ಅಲ್ಲಮನ ಕಠಿಣ ಪ್ರಶ್ನೆಗಳನ್ನೆದುರಿಸಿ, ಅನಂತರ ಮುಂದೆ ಸಾಗುತ್ತಾಳೆ. ಆದರೆ ಶರಣರ ಆ ತುಂಬಿದ ಸಭೆಯೂ ಅವಳನ್ನು ಹಿಡಿದು ನಿಲ್ಲಿಸಲಿಲ್ಲ. ಕಡೆಯ ದಾರಿ ಎರಡರಲ್ಲಿಯೂ ಅವಳೊಬ್ಬಳದೇ.

ಅನ್ಯದೇಶಗಳ ಕಥೆಯೂ ಬೇರೆಯಲ್ಲ. ಜಪಾನಿನ ಕವಿ ಬಾಶೋ 1689ರಲ್ಲಿ ಉತ್ತರದ ಒಳನಾಡಿಗೆ ಹೊರಟು ಸುಮಾರು ಐದು ತಿಂಗಳು ಸಂಚರಿಸಿದ. ಬಹುದೂರದವರೆಗೆ ಶಿಷ್ಯ ಸೋರಾ ಜೊತೆಗಿದ್ದ; ಪುಸ್ತಕವೂ ಅದನ್ನು ಮುಚ್ಚಿಡುವುದಿಲ್ಲ. ಆದರೂ ಓದಿದವನ ಮನಸ್ಸಿನಲ್ಲುಳಿಯುವುದು ಒಂಟಿ ಪಥಿಕನ ಚಿತ್ರವೇ. 1943ರಲ್ಲಿ ಸೋರಾನ ದಿನಚರಿ ಅಚ್ಚಾದಾಗ, ಗುರು ಎಷ್ಟೋ ಸಂಗತಿಗಳನ್ನು ತಿದ್ದಿ ಜೋಡಿಸಿದ್ದನೆಂಬುದು ತಿಳಿದುಬಂತು. ಇಂಗ್ಲೆಂಡಿನ ಪ್ಯಾಟ್ರಿಕ್ ಲೀ ಫರ್ಮರ್ 1933ರ ಡಿಸೆಂಬರದಲ್ಲಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ಹಾಲೆಂಡಿನಿಂದ ಕಾನ್‌ಸ್ಟಾಂಟಿನೋಪಲ್‌ನತ್ತ ಕಾಲ್ನಡಿಗೆಯಲ್ಲಿ ಹೊರಟ. ಆ ಕಥನದ ಮೊದಲ ಸಂಪುಟ ಹೊರಬಂದದ್ದು 1977ರಲ್ಲಿ. ನಡೆದವನು ಹುಡುಗ, ಬರೆದವನು ಅರವತ್ತು ದಾಟಿದವನು.

ಇದರಿಂದ ನನಗೆ ತೋರುವುದಿಷ್ಟು: ಇಂಥ ಪುಸ್ತಕಗಳ ಏಕಾಂತ ದಾರಿಯಲ್ಲಿ ಸಿಕ್ಕಷ್ಟೇ ಬರವಣಿಗೆಯಲ್ಲಿಯೂ ಹದಗೊಂಡದ್ದು. ನಡೆಯುವವನ ಪಕ್ಕದ ಸ್ಥಳವನ್ನು ಅದು ಬರಿದು ಮಾಡಿಡುತ್ತದೆ. ಅಲ್ಲಿ ಓದುಗ ಬಂದು ಸೇರಿಕೊಳ್ಳುತ್ತಾನೆ. ಮನೆ ಬಿಟ್ಟು ಹೊರಡಲಾಗದವರಿಗೆ ಅದೇ ದಾರಿ.

ಆಯಿ ತೀರಿಕೊಂಡ ಮರುವರ್ಷ ನಾನು ಕಂಬಿಯವರೊಡನೆ ಹೊರಟೆ. ಹಗಲೆಲ್ಲ ಹಾಡು, ಜಯಘೋಷ. ಏಕಾಂತವೆಂಬುದು ಎಲ್ಲಿಯೂ ಇರಲಿಲ್ಲ. ಆದರೆ ಭೀಮನಕೊಳ್ಳದ ಕಡಿದಾದ ಏರಿನಲ್ಲಿ ಎಲ್ಲರ ಉಸಿರೂ ಕಟ್ಟಿತು, ಹಾಡು ನಿಂತಿತು. ನೂರಾರು ಜನರ ನಡುವೆ ಪ್ರತಿಯೊಬ್ಬರೂ ಒಬ್ಬೊಬ್ಬರೇ ಏರುತ್ತಿದ್ದರು. ನಾನು ಸಾವಕಾಶವಾಗಿ ಹತ್ತಿದೆ. ನನ್ನ ಹಿಂದೆ ಆಯಿ ಬರುತ್ತಿದ್ದಳು.