ಕೋಶೀಯ ನೀತಿ

ಸರ್ಕಾರವು ತನ್ನ ವೆಚ್ಚ, ತೆರಿಗೆ ಮತ್ತು ಸಾಲಗಳ ಮೂಲಕ ದೇಶದ ಉತ್ಪಾದನೆ, ಉದ್ಯೋಗ ಹಾಗೂ ಬೆಲೆಗಳ ಮೇಲೆ ಪ್ರಭಾವ ಬೀರುವ ಕ್ರಮವನ್ನು ಕೋಶೀಯ ನೀತಿ ಎನ್ನುತ್ತಾರೆ. ಪತ್ರಿಕೆಗಳು ಇದನ್ನು ವಿತ್ತೀಯ ನೀತಿ ಎಂದೂ ಬರೆಯುತ್ತವೆ. ರಿಸರ್ವ್ ಬ್ಯಾಂಕು ಬಡ್ಡಿದರಗಳ ಮೂಲಕ ನಡೆಸುವ ಹಣಕಾಸು ನೀತಿ ಇದರಿಂದ ಬೇರೆಯಾದುದು. ಕುಸಿತದ ಕಾಲದಲ್ಲಿ ಸರ್ಕಾರದ ವೆಚ್ಚವು ಬೇಡಿಕೆಯನ್ನು ಎತ್ತಿಹಿಡಿಯಬಲ್ಲದೆಂಬ ವಾದಕ್ಕೆ 1936ರಲ್ಲಿ ಜಾನ್ ಮೇನಾರ್ಡ್ ಕೇನ್ಸ್ ಅವರು ಸೈದ್ಧಾಂತಿಕ ತಳಹದಿ ಒದಗಿಸಿದರು.

ಗುಣಕ

ಸರ್ಕಾರ ರಸ್ತೆ ಕಾಮಗಾರಿಗೆ 100 ರೂಪಾಯಿ ವ್ಯಯಿಸಿದರೆ ಅದು ಕೂಲಿಯಾಗಿ, ಜಲ್ಲಿ-ಸಿಮೆಂಟಿನ ಬೆಲೆಯಾಗಿ ಯಾರದೋ ಆದಾಯವಾಗುತ್ತದೆ. ಅವರು 20 ರೂಪಾಯಿ ಉಳಿಸಿ 80 ರೂಪಾಯಿ ಖರ್ಚು ಮಾಡಿದರೆ ಅದು ಮತ್ತೊಬ್ಬರ ಆದಾಯ. ಅದರಲ್ಲಿ 64 ರೂಪಾಯಿ ಇನ್ನೊಬ್ಬರದು. ಹೀಗೆ ಒಟ್ಟು ಆದಾಯ 500 ರೂಪಾಯಿಗಳಷ್ಟು ಹೆಚ್ಚಬಹುದು. ಅದೇ 100 ರೂಪಾಯಿಯ ತೆರಿಗೆ ಇಳಿಸಿದರೆ, ಮೊದಲ ಸುತ್ತಿನಲ್ಲಿಯೇ 20 ರೂಪಾಯಿ ಉಳಿತಾಯಕ್ಕೆ ಸರಿಯುವುದರಿಂದ, ಪರಿಣಾಮ 400 ರೂಪಾಯಿ ಮಾತ್ರ. ಇದು ಪಠ್ಯಪುಸ್ತಕದ ಲೆಕ್ಕ. ವಾಸ್ತವದಲ್ಲಿ ತೆರಿಗೆ, ಆಮದುಗಳಿಗೆ ಹಣ ಸೋರಿಹೋಗಿ ಗುಣಕವು ಬಹಳ ಕುಗ್ಗುತ್ತದೆ. ಕಾರ್ಖಾನೆಗಳು ಪೂರ್ಣ ಸಾಮರ್ಥ್ಯದಲ್ಲಿ ನಡೆಯುತ್ತಿರುವಾಗ ಹೆಚ್ಚುವರಿ ವೆಚ್ಚವು ಬೆಲೆಗಳನ್ನೇ ಏರಿಸುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮರೆಯುತ್ತಾರೆ.

ಭಾರತದ ಅನುಭವ

ಸರ್ಕಾರಗಳು ಸಾಲದ ಮೇಲೆ ಸಾಲ ಮಾಡುವುದನ್ನು ತಡೆಯಲು ಕರ್ನಾಟಕವು 2002ರಲ್ಲಿ, ಕೇಂದ್ರವು 2003ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆಗಳನ್ನು ರೂಪಿಸಿದವು. 2008-09ರ ಕೇಂದ್ರ ಆಯವ್ಯಯದಲ್ಲಿ ಕೋಶೀಯ ಕೊರತೆಯನ್ನು ರಾಷ್ಟ್ರೀಯ ಉತ್ಪನ್ನದ ಶೇ. 2.5ಕ್ಕೆ ಮಿತಿಗೊಳಿಸುವ ಗುರಿಯಿತ್ತು. ವರ್ಷಾಂತ್ಯಕ್ಕೆ ಅದು ಸುಮಾರು ಶೇ. 6ಕ್ಕೆ ತಲುಪಿತು. ಇದೆಲ್ಲವನ್ನೂ ಜಾಗತಿಕ ಬಿಕ್ಕಟ್ಟಿಗೆ ನೀಡಿದ ಉತ್ತರವೆಂದು ವರ್ಣಿಸುವುದು ಸರಿಯಲ್ಲ: ರೈತರ ಸಾಲಮನ್ನಾ ಫೆಬ್ರವರಿಯಲ್ಲಿ, ಆರನೇ ವೇತನ ಆಯೋಗದ ವೇತನ ಪರಿಷ್ಕರಣೆ ಆಗಸ್ಟಿನಲ್ಲಿ, ಅಂದರೆ ಸೆಪ್ಟೆಂಬರಿನಲ್ಲಿ ಲೀಮನ್ ಬ್ರದರ್ಸ್ ಕುಸಿಯುವ ಮೊದಲೇ ನಿರ್ಧಾರವಾಗಿದ್ದವು.

ಬಿಕ್ಕಟ್ಟಿನ ನಂತರದ ಮುಖ್ಯ ಕ್ರಮವೆಂದರೆ ತೆರಿಗೆ ಇಳಿಕೆ. ಎಕ್ಸೈಸ್ ಸುಂಕದ ಸಾಮಾನ್ಯ ದರವನ್ನು ಡಿಸೆಂಬರಿನಲ್ಲಿ ಶೇ. 14ರಿಂದ 10ಕ್ಕೆ, 2009ರ ಫೆಬ್ರವರಿಯಲ್ಲಿ ಶೇ. 8ಕ್ಕೆ ಇಳಿಸಲಾಯಿತು; ಸೇವಾ ತೆರಿಗೆ ಶೇ. 12ರಿಂದ 10ಕ್ಕೆ ಇಳಿಯಿತು. ಬೆಳವಣಿಗೆ ಬೇಗನೆ ಚೇತರಿಸಿತಾದರೂ ಕೊರತೆ ಅಷ್ಟೇ ಬೇಗ ಇಳಿಯಲಿಲ್ಲ, ಬೆಲೆಗಳೂ ಏರಿದವು. ರಿಯಾಯಿತಿ ಕೊಡಲು ಕೆಲವೇ ವಾರಗಳು ಸಾಕಾಗಿದ್ದವು. ಎಕ್ಸೈಸ್ ದರ 2010ರಲ್ಲಿ ಶೇ. 10ಕ್ಕೆ ಏರಿತು, ಅದೂ ಸೇವಾ ತೆರಿಗೆಯೂ ಶೇ. 12ಕ್ಕೆ ಬಂದದ್ದು 2012ರಲ್ಲಿ.