ಹಂಚಿನ ಚೂರು ಮತ್ತು ಜರ್ನಲ್

ಖಾನಾಪುರದ ಮಣ್ಣಿಗೆ ಹಂಚು, ಇಟ್ಟಿಗೆ, ಗಡಿಗೆಗಳಿಂದ ಹೆಸರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಇಲ್ಲಿದೆ. ನಾವು ಒಂಬತ್ತನೇ ಇಯತ್ತೆಯಲ್ಲಿದ್ದಾಗ ವಿಜ್ಞಾನದ ಸರ್ ಒಡೆದ ಹಂಚಿನ ಚೂರುಗಳನ್ನು ತರಲು ಹೇಳಿದರು. ಒಣಗಿದ್ದಾಗ ತೂಗಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಮರುದಿನ ಮತ್ತೆ ತೂಗಿದೆವು. ಹೆಚ್ಚಾದ ತೂಕವೇ ಹಂಚು ಕುಡಿದ ನೀರು. ಐದು ಗುಂಪಿಗೆ ಐದು ಉತ್ತರ ಬಂದವು. ಯಾವುದು ಸರಿಯೆಂದು ಸರ್ ಹೇಳಲೇ ಇಲ್ಲ. "ಯಾಕ ಬ್ಯಾರೆ ಬಂತು, ಅದನ್ನ ಹುಡುಕ್ರಿ" ಅಂದರು. ಭಟ್ಟಿಯಲ್ಲಿ ಚೆನ್ನಾಗಿ ಬೆಂದ ಹಂಚಿನೊಳಗೆ ಸಂದುಗಳು ಕಡಿಮೆ, ಅದು ನೀರನ್ನೂ ಕಡಿಮೆ ಕುಡಿಯುತ್ತದೆ ಎಂದು ತಿಳಿಯಲು ನಮಗೆ ಒಂದು ವಾರ ಹಿಡಿಯಿತು.

ಮೊದಲು ನಮ್ಮ ಭಾಗದವರು ಭೌತಶಾಸ್ತ್ರದ ಉನ್ನತ ಓದಿಗೆ ಧಾರವಾಡಕ್ಕೆ ಹೋಗುತ್ತಿದ್ದರು. 1949ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಅಲ್ಲಿಗೆ ಬಂದಿತ್ತು. ಬೆಳಗಾವಿಗೆ 1998ರಲ್ಲಿ ವಿಟಿಯು, 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದವು. ಓದಲು ಊರು ಹತ್ತಿರವಾಯಿತು, ನಿಜ. ಆದರೆ ನನ್ನ ವಿಷಯ ಹೇಳಿಬಿಡುತ್ತೇನೆ. ಬಿಇ ಓದುವಾಗ ಪ್ರಯೋಗದ ಉತ್ತರ ಮೊದಲೇ ಗೊತ್ತಿರುತ್ತಿತ್ತು. ಅದಕ್ಕೆ ಹೊಂದುವ ರೀಡಿಂಗುಗಳನ್ನು ಹಿಂದಿನಿಂದ ಲೆಕ್ಕ ಹಾಕಿ ಜರ್ನಲ್ ತುಂಬಿಸಿದೆ. ಪುಣ್ಯಕ್ಕೋ ಪಾಪಕ್ಕೋ, ಸಿಕ್ಕಿಬೀಳಲಿಲ್ಲ.

ಅದೇ ಕಾಲದಲ್ಲಿ ಮೈಸೂರಿನಲ್ಲಿ ನೆಲೆಸಿದ್ದ ಪ್ರೊ. ಆರ್. ಶ್ರೀನಿವಾಸನ್ ಈ ರೋಗಕ್ಕೇ ಮದ್ದು ಹುಡುಕುತ್ತಿದ್ದರು. ಐಐಟಿ ಮದ್ರಾಸಿನಲ್ಲಿ ಪಾಠ ಹೇಳಿದವರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳ ಬೆಂಬಲದಿಂದ ಕಾಲೇಜು ಅಧ್ಯಾಪಕರಿಗೇ ಪ್ರಯೋಗದ ಕಮ್ಮಟ ನಡೆಸಿದರು. ಸಾಮಾನ್ಯ ಡಯೋಡನ್ನೇ ಉಷ್ಣಮಾಪಕ ಮಾಡುವುದು, ಹಿತ್ತಾಳೆ ಪಟ್ಟಿಯ ಕಂಪನದಿಂದ ಅದರ ಬಿಗುವನ್ನು ಅಳೆಯುವುದು ಇಂಥ ಪ್ರಯೋಗಗಳು. ಅವರೊಂದಿಗೆ ದುಡಿದವರಲ್ಲಿ ಗೋವಾ ವಿಶ್ವವಿದ್ಯಾಲಯದ ಕೆ. ಆರ್. ಪ್ರಿಯೋಲ್ಕರ್ ಒಬ್ಬರು. ನಮ್ಮಿಂದ ಘಟ್ಟ ಇಳಿದರೆ ಗೋವಾ. ಕಾಯಿಸಿದರೆ ಹಳೆಯ ಆಕಾರಕ್ಕೆ ಮರಳುವ ನಿಕಲ್-ಮ್ಯಾಂಗನೀಸ್ ಮಿಶ್ರಲೋಹಗಳಲ್ಲಿ ಪರಮಾಣುಗಳ ಜೋಡಣೆ ಹೇಗೆ ಬದಲಾಗುತ್ತದೆಂಬುದು ಅವರ ಸಂಶೋಧನೆ. ಅಂಥವರು ಡಯೋಡು, ಹಿತ್ತಾಳೆ ಪಟ್ಟಿ ಹಿಡಿದು ಪಾಠಕ್ಕೂ ನಿಂತರಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಗೆಳೆಯನೊಬ್ಬ ಅಚ್ಚಿನ ಮರಳಿನ ಮೂಲಕ ಗಾಳಿ ಎಷ್ಟು ಹಾಯುತ್ತದೆಂದು ಅಳೆಯುವುದನ್ನು ತೋರಿಸಿದ. ಗಾಳಿ ಹಾಯದಿದ್ದರೆ ಎರಕದಲ್ಲಿ ತೂತು ಬೀಳುತ್ತವಂತೆ. ಹಂಚಿನದೂ ಇದೇ ಸಂದಿನ ಮಾತಲ್ಲವೇ!

ಸುವರ್ಣ ಮಹೋತ್ಸವಕ್ಕೆಂದು ನಮ್ಮ ಬ್ಯಾಚಿನವರು ಶಾಲೆಗೆ ಎರಡು ಡಿಜಿಟಲ್ ತಕ್ಕಡಿ ಕೊಟ್ಟಿದ್ದೇವೆ. ಈಗಿನ ಗುರುಗಳಲ್ಲಿ, ಅಕ್ಕೋರಲ್ಲಿ ಒಂದೇ ವಿನಂತಿ: ಅವನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಬೇಡಿ. ಹಂಚಿನ ಚೂರು ಊರಲ್ಲಿ ಬೇಕಾದಷ್ಟಿವೆ.