ಕೊಳೆಮದ್ದಿನ ಪಂಪು: ಭಾಗ, ಲೆಕ್ಕ, ಪರಿಭಾಷೆ

ಸೋಂದೆ ಸ್ವರ್ಣವಲ್ಲಿಯ ಸುತ್ತ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಿಗೆ ಮಳೆಗಾಲದ ದೊಡ್ಡ ಶತ್ರು ಕೊಳೆರೋಗ. ಹಿಂದೆ ಅಡಿಕೆ ಕೊನೆಗೆ (ಗೊನೆಗೆ) ಕೊಟ್ಟೆ ಕಟ್ಟಿ ಮುಚ್ಚುತ್ತಿದ್ದರು; ಈಗ ಆಸರೆ ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ ತಲಾ 1 ಕೆ.ಜಿ. ಮೈಲುತುತ್ತ ಮತ್ತು ಸುಣ್ಣ. ಅದನ್ನು ಕೊನೆಯವರೆಗೆ ಏರಿಸುವುದು ಎಂಜಿನ್ನಿನಿಂದಲೋ ಮೋಟರಿನಿಂದಲೋ ಓಡುವ ಎಚ್‌ಟಿಪಿ ಪಂಪು. ಮಳೆ ಹೊಳವಾದ ಎರಡು ತಾಸಿನಲ್ಲಿ ಅದು ಕೈಕೊಟ್ಟರೆ ಮೆಕ್ಯಾನಿಕ್‌ನನ್ನು ಕಾಯುವಷ್ಟು ಪುರಸೊತ್ತು ಇರುವುದಿಲ್ಲ. ಯಂತ್ರದ ಪರಿಭಾಷೆ ತೋಟಿಗರಿಗೂ ಗೊತ್ತಿರಬೇಕು ಎನ್ನುವುದು ಇದಕ್ಕೇ.

ಎರಡು ಭಾಗ

ಬೆಲ್ಟು, ಕ್ರ್ಯಾಂಕ್, ಕನೆಕ್ಟಿಂಗ್ ರಾಡ್ ಇರುವ ಕಡೆ ಪವರ್ ಎಂಡ್. ಅಲ್ಲಿ ಆಯಿಲ್ ಇರುತ್ತದೆ. ಮದ್ದು ಹರಿಯುವ ಕಡೆ ಲಿಕ್ವಿಡ್ ಎಂಡ್. ಇವೆರಡರ ನಡುವಿನ ತಡೆ ಪ್ಯಾಕಿಂಗ್. ಪ್ಯಾಕಿಂಗ್ ಮದ್ದು ತಳ್ಳುವ ದಂಡದ ಜೊತೆ ಓಡಾಡಿದರೆ ಅದು ಪಿಸ್ಟನ್. ಪ್ಯಾಕಿಂಗ್ ನಿಂತಲ್ಲೇ ನಿಂತು ದಂಡ ಮಾತ್ರ ಓಡಾಡಿದರೆ ಪ್ಲಂಜರ್. ಪ್ರತಿ ಸಿಲಿಂಡರಿಗೂ ಒಂದು ಸಕ್ಷನ್ ವಾಲ್ವು, ಒಂದು ಡೆಲಿವರಿ ವಾಲ್ವು.

ಸ್ಟ್ರೋಕ್, ಡಿಸ್‌ಪ್ಲೇಸ್‌ಮೆಂಟ್, ಸ್ಲಿಪ್

ಪ್ಲಂಜರ್ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಯುವ ದೂರ ಸ್ಟ್ರೋಕ್. ಉದಾಹರಣೆಗೆ ವ್ಯಾಸ 22 ಮಿ.ಮೀ., ಸ್ಟ್ರೋಕ್ 25 ಮಿ.ಮೀ. ಎಂದುಕೊಳ್ಳಿ. ಒಂದು ಸಲಕ್ಕೆ ಸುಮಾರು 9.5 ಮಿ.ಲೀ. ಮೂರು ಪ್ಲಂಜರ್, ನಿಮಿಷಕ್ಕೆ 900 ಸುತ್ತು: ಸುಮಾರು 25.7 ಲೀಟರ್. ಇದು ಡಿಸ್‌ಪ್ಲೇಸ್‌ಮೆಂಟ್, ಅಂದರೆ ಕಾಗದದ ಲೆಕ್ಕ. ನಿಜಕ್ಕೂ ಹೊರಬರುವುದು ಕಪ್ಯಾಸಿಟಿ. ನಡುವಿನ ನಷ್ಟವೇ ಸ್ಲಿಪ್. ಬೋರ್ಡೋ ಹೊಡೆಯುವವರು ಹೆಚ್ಚು ಗಮನಿಸಬೇಕಾದದ್ದು ಇದನ್ನೇ: ಸರಿಯಾಗಿ ಸೋಸದ ಸುಣ್ಣದ ಹರಳು ವಾಲ್ವಿನ ಸೀಟಿನಲ್ಲಿ ಸಿಕ್ಕಿದರೆ ವಾಲ್ವು ಪೂರ್ತಿ ಮುಚ್ಚುವುದಿಲ್ಲ, ತಳ್ಳಿದ ಮದ್ದು ಹಿಂದಕ್ಕೇ ಬರುತ್ತದೆ.

ಪ್ರೆಶರ್ ಎಲ್ಲಿಂದ?

ಪಂಪು ಪ್ರೆಶರ್ ಕೊಡುತ್ತದೆ ಎಂಬ ಮಾತು ಅರ್ಧ ನಿಜ. ಪಂಪು ಕೊಡುವುದು ಪ್ರಮಾಣವನ್ನು. ಎದುರಿನ ತಡೆಯಿಂದ ಪ್ರೆಶರ್ ಹುಟ್ಟುತ್ತದೆ. 60 ಅಡಿಯ ಮರಕ್ಕೆ ಏರಿಸಲು ಎತ್ತರವೊಂದಕ್ಕೇ ಚದರ ಸೆಂ.ಮೀ.ಗೆ 1.8 ಕೆ.ಜಿ. ಬೇಕು. ಉಳಿದದ್ದು ಉದ್ದನೆಯ ಹೋಸಿನ ಘರ್ಷಣೆಗೆ, ನಾಝಲ್ಲಿನ ಕಿರಿದಾದ ತೂತಿಗೆ. ನಾಝಲ್ ಸವೆದು ತೂತು ದೊಡ್ಡದಾದರೆ ಪಂಪು ಚೆನ್ನಾಗಿದ್ದರೂ ಗೇಜಿನ ಮುಳ್ಳು ಇಳಿಯುತ್ತದೆ. ಪಂಪು ಬಿಚ್ಚುವ ಮೊದಲು ನಾಝಲ್ ಬದಲಿಸಿ ನೋಡಿ.

ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಸ್ಪ್ರೇ ಗನ್ ಮುಚ್ಚಿದಾಗಲೂ ಪ್ಲಂಜರ್ ತಳ್ಳುತ್ತಲೇ ಇರುತ್ತದೆ. ಆ ಮದ್ದನ್ನು ರೆಗ್ಯುಲೇಟರ್ ಬೈಪಾಸ್ ಪೈಪಿನಿಂದ ಡ್ರಮ್ಮಿಗೆ ವಾಪಸು ಕಳಿಸಬೇಕು. ಅದು ಜಾಮಾಗಿದ್ದರೆ ಹೋಸು ಸಿಡಿಯಬಹುದು. ಮರದ ಮೇಲೆ ಮನುಷ್ಯನಿದ್ದಾನೆ. ರೆಗ್ಯುಲೇಟರನ್ನು ಪರೀಕ್ಷಿಸದೆ ಕೆಲಸ ಶುರು ಮಾಡಲೇಬಾರದು.

ಮೂರೇ ಏಕೆ?

ಒಂದೇ ಪ್ಲಂಜರ್ ಇದ್ದರೆ ಸಿಂಪ್ಲೆಕ್ಸ್, ಎರಡಿದ್ದರೆ ಡ್ಯೂಪ್ಲೆಕ್ಸ್, ಮೂರಿದ್ದರೆ ಟ್ರಿಪ್ಲೆಕ್ಸ್. ಮೂರರ ಕ್ರ್ಯಾಂಕ್‌ಗಳು 120 ಡಿಗ್ರಿ ಅಂತರದಲ್ಲಿರುವುದರಿಂದ ಒಂದು ಹಿಂದೆ ಸರಿಯುವಾಗ ಇನ್ನೊಂದು ತಳ್ಳುತ್ತಿರುತ್ತದೆ. ಆದರೂ ಹರಿವು ಸರಾಸರಿಯ ಸುಮಾರು ಶೇ 23ರಷ್ಟು ಏರಿಳಿಯುತ್ತದೆ. ಏರ್ ಚೇಂಬರಿನ ಗಾಳಿ ಆ ಹೊಡೆತವನ್ನು ನುಂಗುತ್ತದೆ. ಮುಳ್ಳು ವಿಪರೀತ ನಡುಗಿದರೆ ಒಂದು ವಾಲ್ವು ಕಚ್ಚಿರಬಹುದು, ಇಲ್ಲವೇ ಸಕ್ಷನ್ ಪೈಪು ಗಾಳಿ ಎಳೆಯುತ್ತಿರಬಹುದು.